ಆ್ಯಡ್ ತೆಗೆದಿದ್ದೀವಿ, ಹೊಸ ಆ್ಯಪ್‌ಗೆ 149 ರೂಪಾಯಿ ಇಟ್ಟಿದ್ದೀವಿ

ಹಳೇ ಮಣೆ ಆಟಗಳನ್ನ ಫೋನ್ ಗೇಮ್ ಮಾಡೋ ನಮ್ಮ ತಂಡದಿಂದ ಎಲ್ಲರಿಗೂ ಚಿಕ್ಕಮಗಳೂರಿಂದ ನಮಸ್ಕಾರ.

ಅಳಗುಳಿಮಣೆ ಈಗಿರೋ ಆ್ಯಪಲ್ಲೇ ಫ್ರೀ ಆಗಿರುತ್ತೆ, ಆ್ಯಡ್ ಪೂರ್ತಿ ತೆಗೆದಿದ್ದೀವಿ. ಚೌಕಾಬಾರ, ಆಡು ಹುಲಿ ಎರಡೂ ಹೊಸ ಆ್ಯಪಲ್ಲಿ ಬರ್ತಿವೆ, ಅದಕ್ಕೆ 149 ರೂಪಾಯಿ, ಒಂದೇ ಸಲ. ಹಳೇದಕ್ಕೇ ರೇಟ್ ಹಾಕ್ಬೋದಿತ್ತಲ್ಲ, ಇನ್ನೊಂದು ಇನ್‌ಸ್ಟಾಲ್ ಯಾಕೆ ಅಂತ ಬೈದೋರಿದ್ದೀರಿ. ಪ್ಲೇ ಸ್ಟೋರಲ್ಲಿ ಒಂದ್ಸಲ ಫ್ರೀ ಬಿಟ್ಟ ಆ್ಯಪನ್ನ ಆಮೇಲೆ ಪೇಯ್ಡ್ ಮಾಡೋಕೆ ಬಿಡಲ್ಲ. ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸಿ.

ಆದ್ರೆ "ನಿಮಗೂ ದುಡ್ಡಿನಾಸೆ ಹತ್ತಿತು, ಆ್ಯಡ್ ಇದ್ರೆ ನಮಗೇನೂ ಕಷ್ಟ ಇರ್ಲಿಲ್ಲ" ಅನ್ನೋ ಮಾತು ಮತ್ತೆಮತ್ತೆ ಬರ್ತಿದೆ, ಇದಕ್ಕೆ ಉತ್ತರ ಕೊಡ್ಲೇಬೇಕು. ದುಡ್ಡು ಬೇಕು, ಹೌದು, ಮುಂದಿನ ಆಟ ಮಾಡೋಕೆ. ಆದ್ರೆ ಆ್ಯಡಲ್ಲಿ ದುಡ್ಡು ಬರೋದು ಎಷ್ಟು ಸಲ ತೋರಿಸಿದ್ವಿ ಅನ್ನೋದರ ಮೇಲೆ, ಅದೂ ನಮ್ಮ ದೇಶದೋರು ನೋಡಿದ್ರೆ ನಮಗೆ ಸಿಗೋ ರೇಟ್ ಅಮೆರಿಕಕ್ಕೆ ಹೋಲಿಸಿದ್ರೆ ತೀರಾ ಕಮ್ಮಿ, ಹಾಗಾಗಿ ಹೆಚ್ಚೆಚ್ಚು ತೋರಿಸೋಕೆ ಆಟಾನೇ ಕತ್ತರಿಸಬೇಕಾಗುತ್ತೆ. ಅಳಗುಳಿಮಣೇಲಿ 14 ಗುಳಿ, ಹುಣಸೆ ಬೀಜ ಹಾಕ್ತಾ ಮುಂದಿನ ಗುಳಿ ಲೆಕ್ಕ ಮಾಡ್ತಾ ಕೂರೋದೇ ಅದರ ರುಚಿ, ಆ್ಯಡ್ ಲೆಕ್ಕದಲ್ಲಿ ಆ ಹೊತ್ತು ದಂಡ. ಆಟ ಬೇಗ ಮುಗಿಸಿ, ಸೋತೋರು ಆ್ಯಡ್ ನೋಡಿದ್ರೆ ಇನ್ನೊಂದು ಚಾನ್ಸ್ ಕೊಡಿ ಅಂತ ಸಲಹೆ ಕೊಟ್ಟೋರೂ ಇದ್ರು. ಮಾಡ್ಲಿಲ್ಲ. ಚೌಕಾಬಾರದಲ್ಲಿ ದುಡ್ಡು ಕೊಟ್ಟೋರಿಗೆ ಕವಡೆ ಬೇಕಾದಂಗೆ ಬೀಳಿಸೋದು ಕೋಡಲ್ಲಿ ಚಿಟಿಕೆ ಹೊಡೆಯೋಷ್ಟರ ಕೆಲಸ, ಅಜ್ಜಿ ಮೊಮ್ಮಕ್ಕಳು ಕೂತು ಆಡೋ ಆಟಕ್ಕೆ ನಾವು ಅದನ್ನ ಮಾಡಲ್ಲ.

"ಗೋಡೋ ಇಂಜಿನ್ ಫ್ರೀ ಅಲ್ವಾ, ಖರ್ಚೇನು?" ಅಂತಾನೂ ಕೇಳಿದ್ರಿ. ಗೇಮ್ ಮಾಡೋಕೆ ಬಳಸೋ ಆ ಸಾಫ್ಟ್‌ವೇರ್ ಫ್ರೀನೇ, ಚಿತ್ರ ಬರೆಯೋರಿಗೆ ಸಂಬಳ ಕೊಡ್ಬೇಕು. ಬೇಲೂರು ಹಳೇಬೀಡಿಗೆ ಹೋಗಿ ಕಂಬ, ಜಾಲಂಧ್ರ ನೋಡ್ಕೊಂಡು ಕೈಯಲ್ಲೇ ಬಿಡಿಸಿದ ಬೋರ್ಡ್‌ಗಳವು, ಕವಡೆ ಸದ್ದೂ ನಿಜವಾದ ಕವಡೆ ಎಸೆದೇ ರೆಕಾರ್ಡ್ ಮಾಡಿದ್ದು, ಅದ್ರ ಬಗ್ಗೆ ನಮಗೆ ತುಂಬಾ ಹೆಮ್ಮೆ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯುಪಿಎಸ್, ಕಮ್ಮಿ ರೇಟಿನ ಫೋನಲ್ಲೂ ಓಡ್ಲಿ ಅಂತ ಟೆಸ್ಟ್ ಮಾಡೋಕೆ ತಂದಿಟ್ಟ ಹಳೇ ಫೋನುಗಳು, ಇದ್ಯಾವುದೂ ನಿಮಗೆ ಕಾಣಲ್ಲ. ಬಂದ ದುಡ್ಡಲ್ಲಿ ಪ್ಲೇ ಸ್ಟೋರ್ ಶೇ. 15 ಹಿಡ್ಕೊಳ್ಳುತ್ತೆ, ಮುಂದೆ ಕಂಪ್ಯೂಟರ್ ಗೇಮ್ ಮಾರೋ ಸ್ಟೀಮಿಗೆ ಹೋದ್ರೆ ಅಲ್ಲಿ ಶೇ. 30, ಮೇಲೆ ಟ್ಯಾಕ್ಸ್.

ನಿಮ್ಮ ಹಳೇ ಸ್ಕೋರ್ ಎಲ್ಲೂ ಹೋಗಲ್ಲ. ಆಟದೊಳಗೆ ದುಡ್ಡು ಕೊಟ್ಟು ಕೊಳ್ಳೋ ಕಾಯಿನ್ ಪ್ಯಾಕ್, ಒಳಗೇನಿದೆ ಅಂತ ಗೊತ್ತಿಲ್ದೆ ಕೊಳ್ಳೋ ಲೂಟ್ ಬಾಕ್ಸ್ ಯಾವತ್ತೂ ಬರಲ್ಲ, ಇದು ನಮ್ಮ ಮಾತು. 149 ಕೊಡೋಕೆ ಕಷ್ಟ ಇರೋರು ಸಂಕೋಚ ಇಲ್ದೆ ಮೇಲ್ ಮಾಡಿ, ಪ್ಲೇ ಸ್ಟೋರ್ ನಮಗೆ 3 ತಿಂಗಳಿಗೆ ಆ್ಯಪನ್ನ ಫ್ರೀಯಾಗಿ ಇಳಿಸ್ಕೊಳ್ಳೋ 500 ಪ್ರೋಮೋ ಕೋಡ್ ಕೊಡುತ್ತೆ, ಕಾರಣ ಕೇಳದೆ ಕಳಿಸ್ತೀವಿ. ಸರ್ಕಾರಿ ಶಾಲೆ ಮೇಷ್ಟ್ರು, ಟೀಚರ್‌ಗಳು ಬರೆದ್ರೆ ಅವರಿಗೆ ಮೊದಲು.