ತಟ್ಟೆಯಲ್ಲಿ ಉಳಿದದ್ದು

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ಉಳಿದ ಸಮಾಚಾರಕ್ಕೆಲ್ಲ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಕೊನೆಯ ಪುಟದ ಅಂಚಿನಲ್ಲಿ ಬರೆದು ಅರ್ಧ ಗೀಚಿಹಾಕಿದ್ದೀಯಲ್ಲ, "ಮಗುವಿನ ಪಾಲನ್ನು ನಾನೇ ತಿನ್ನುತ್ತಿದ್ದೇನೆಯೇ ದೊಡ್ಡಮ್ಮ?" ಎಂದು, ಆ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಆ ಮಾತು ನಿನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಯಾರ ಬಾಯಿಂದ ಬಂತೆಂದು ಊಹಿಸಬಲ್ಲೆ, ಹೆಸರು ಬೇಡ.

ತಿನ್ನುತ್ತಿಲ್ಲ ಕಣೇ. ತಾಯಿ ದಪ್ಪ, ಮಗು ಬಡಕಲು ಎಂದರೆ ಜನ ಕೂಡಿ ಕಳೆಯುವ ಲೆಕ್ಕ ಹಾಕುತ್ತಾರೆ. ಹಿಟ್ಟು, ಎಣ್ಣೆ, ಸಕ್ಕರೆಯೇ ಹೆಚ್ಚಾದ ಅಡುಗೆ ದೊಡ್ಡವರ ಮೈಯಲ್ಲಿ ಬೊಜ್ಜಾಗಿ ಕೂರುತ್ತದೆ. ಬೆಳೆಯುವ ಮಗುವಿಗೆ ಬೇಕಾದ ಪ್ರೋಟೀನು, ಕಬ್ಬಿಣ, ಸತು ಅದರಲ್ಲಿ ಸಾಲದು. ಪಾತ್ರೆ ಒಂದೇ, ಕೊರತೆ ಇಬ್ಬರಿಗೂ.

ನನ್ನದೇ ಕಥೆ ಕೇಳು. "ಉಂಡು ಬೆಳೆದ ಮೈ" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಅದನ್ನೂ ಮೈಯ ಮೇಲೇ ಹಾಕಿದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಹೆಂಗಸರಿಗೆ 12 ಆದರೂ ಇರಬೇಕಂತೆ. ಮಗುವನ್ನು ತೋರಿಸಲು ಹೋದಾಗ ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸು.

ನನ್ನ ಮಗಳು, ನಿನ್ನ ಅಕ್ಕ, ಚಿಕ್ಕವಳಿದ್ದಾಗ ನಾಲ್ಕು ತುತ್ತಿಗೆ ತಟ್ಟೆ ನೂಕುತ್ತಿದ್ದಳು. "ಇವಳಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ" ಎನ್ನುತ್ತಾ, ಚೆಲ್ಲಬಾರದೆಂದು ಉಳಿದದ್ದನ್ನು ನಿಂತಲ್ಲೇ ತಿನ್ನುತ್ತಿದ್ದೆ, ಬೆರಳಿನಿಂದ ಅಂಚು ಸವರಿ. ಅರ್ಧ ಗಂಟೆ ಮೊದಲು ಅವಳ ಕೈಗೆ ಬಿಸ್ಕತ್ತು ಕೊಟ್ಟವಳು ನಾನೇ. ಅಂಗೈಯಷ್ಟು ಹೊಟ್ಟೆ, ಅಷ್ಟಕ್ಕೇ ತುಂಬಿರುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆವು. ಒಂದು ವರ್ಷ ಹೊಸ ಗೆರೆ ಹಳೆಯದಕ್ಕೆ ಅಂಟಿಕೊಂಡೇ ಬಂತು. ನಮ್ಮ ವಂಶವೇ ಕುಳ್ಳು ಎಂದು ನಕ್ಕುಬಿಟ್ಟೆ. ಮೊದಲ ಎರಡು ವರ್ಷ ಕಳೆದುಕೊಂಡ ಎತ್ತರ ಆಮೇಲೆ ಪೂರ್ತಿ ಕೈಗೆ ಸಿಗುವುದು ಕಷ್ಟವೆಂದು ತಿಳಿದಾಗ ಅವಳು ಶಾಲೆಗೆ ಹೋಗುತ್ತಿದ್ದಳು. ಹೆದರಿಸಲು ಬರೆದದ್ದಲ್ಲ. ನಿನ್ನ ಮಗುವಿಗೆ ಇನ್ನೂ ಹದಿನಾಲ್ಕು ತಿಂಗಳು.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಮಗುವಿಗೆ ಬೇರೆ ಬಟ್ಟಲಿಡು, ಎಷ್ಟು ತಿಂದಿತು ಎಂಬುದಾದರೂ ಕಾಣುತ್ತದೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡು, ಬೇಳೆಯೋ ಮೊಟ್ಟೆಯೋ ಸೊಪ್ಪೋ ಅದರಲ್ಲಿರಲಿ. ಮಗುವಿನ ಮೇಲ್ತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಾತ್ರ ನನ್ನ ಪತ್ರಕ್ಕೆ ಕಾಯಬೇಡ, ಆ ದಿನವೇ ವೈದ್ಯರಲ್ಲಿಗೆ ಹೋಗು. ಎದೆಹಾಲು ಕುಡಿಸುವವಳು ನೀನು, ಯಾರದೋ ಮಾತಿಗೆ ಊಟ ಬಿಟ್ಟು ಕೂರಬೇಡ. ಬಿಟ್ಟಿದ್ದೀಯೇನೋ ಎಂಬ ಅನುಮಾನ ನನಗಿದೆ.

ಆ ತಟ್ಟೆಯಲ್ಲಿ ಉಳಿದದ್ದನ್ನು ತಿಂದೆನಲ್ಲ, ಅದು ಮಗಳ ಪಾಲಾಗಿತ್ತೇ ಎಂದು ನಾನೂ ಎಷ್ಟೋ ವರ್ಷ ಕೇಳಿಕೊಂಡಿದ್ದೇನೆ. ಗೀಚಿಹಾಕಲು ಕಾಗದ ಇರಲಿಲ್ಲ, ಅಷ್ಟೇ.

ಮುಂದಿನ ಪತ್ರದಲ್ಲಿ ಮಗುವಿನ ತೂಕ ಬರೆ. ನೀನು ಮಧ್ಯಾಹ್ನ ಏನು ಉಂಡೆ ಎಂಬುದನ್ನೂ.

ನಿನ್ನ
ದೊಡ್ಡಮ್ಮ