ಮಿಂಚಿದ ದಿನ ಬರೆದ್ರಿ, ಆಮೇಲೆ ಎಂತ ಆಯ್ತು ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಬಾಹ್ಯಾಕಾಶದ ಸುದ್ದಿಗೆ ನಿಮ್ಮ ಪೇಪರಲ್ಲಿ ಜಾಗ ಉಂಟು, ಅದಕ್ಕೆ ಮೊದಲು ಥ್ಯಾಂಕ್ಸ್. ಆದ್ರೆ ಆಕಾಶದಲ್ಲಿ ಎಲ್ಲೋ ಎಕ್ಸ್-ರೇ ಮಿಂಚು ಕಾಣಿಸಿತು ಅಂತ ಒಂದು ದಿನ ದೊಡ್ಡ ಹೆಡ್ಡಿಂಗ್ ಬರ್ತದೆ, ಮರುದಿನದಿಂದ ಆ ಸುದ್ದಿಯೇ ಇಲ್ಲ. ನಾನು ಕಾಪು ಕಡೆಯ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವಳು, ಕಟಿಂಗ್ ತಂದು ಬೋರ್ಡಿಗೆ ಅಂಟಿಸುವ ಮಕ್ಕಳು "ಟೀಚರ್, ಆಮೇಲೆ ಎಂತ ಆಯ್ತು" ಅಂತ ಕೇಳಿದ್ರೆ ಕೈಗೆ ಕೊಡ್ಲಿಕ್ಕೆ ಕನ್ನಡದಲ್ಲಿ ಏನೂ ಸಿಗುದಿಲ್ಲ. ನಿಜವಾದ ಕೆಲಸ ಶುರುವಾಗುದೇ ಆ ಮಿಂಚು ಆರಿದ ಮೇಲೆ.

ಎಕ್ಸ್-ರೇ ನಮ್ಮ ವಾತಾವರಣ ದಾಟಿ ನೆಲಕ್ಕೆ ಬರುದಿಲ್ಲ, ಹಾಗಾಗಿ ಮಿಂಚನ್ನು ನೋಡುದು ಉಪಗ್ರಹ. ಅದು ಜಾಗ ತಿಳಿಸಿದ ಕೂಡ್ಲೇ ನೆಲದ ಟೆಲಿಸ್ಕೋಪುಗಳು ಆ ಕಡೆ ತಿರುಗ್ತವೆ, ಮೊದಲು ಸಿಗುದು ಬೇಗ ಬೇಗ ಮಂಕಾಗುವ ಒಂದು ಬೆಳಕು. ಅಲ್ಲಿ ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತದ್ದೇ ಹೌದಾದ್ರೆ ಸ್ವಲ್ಪ ದಿನ ಕಳೆದು ಇನ್ನೊಂದು ಬೆಳಕು ಮೆಲ್ಲ ಏರ್ತದೆ, ಅದೇ ಸೂಪರ್‌ನೋವಾ. ಸ್ಫೋಟದಲ್ಲಿ ಹುಟ್ಟಿದ ನಿಕಲ್-56 ಅನ್ನುವ ವಿಕಿರಣಶೀಲ ನಿಕಲ್ ತನ್ನಷ್ಟಕ್ಕೇ ಕೋಬಾಲ್ಟ್ ಆಗ್ತದೆ, ಕೋಬಾಲ್ಟ್ ಕಬ್ಬಿಣ ಆಗ್ತದೆ, ನಿಕಲ್ ಅರ್ಧಕ್ಕೆ ಇಳಿಲಿಕ್ಕೆ 6 ದಿನ, ಕೋಬಾಲ್ಟಿಗೆ 77 ದಿನ, ಹಾಗೆ ಬದಲಾಗುವಾಗ ಹೊರಬೀಳುವ ಶಕ್ತಿಯಿಂದಲೇ ಚೆದುರಿದ ಅನಿಲ ಬೆಳಗುದು. ಹಾಗಾಗಿ ಬೆಳಕು ತುದಿ ಮುಟ್ಟುದು ಹತ್ತು ದಿನ, ಹದಿನೈದು ದಿನ, ಕೆಲವೊಮ್ಮೆ ಮೂರು ವಾರ ಕಳೆದು, ಅಷ್ಟೊತ್ತಿಗೆ ಪೇಪರಿನವ್ರು ಆ ವಿಷಯ ಮರ್ತೇ ಬಿಟ್ಟಿರ್ತಾರೆ.

ಹುಡುಕುದೂ ಸಲೀಸಲ್ಲ. ಇಡೀ ಗ್ಯಾಲಕ್ಸಿಯ ಬೆಳಕಿನ ಒಳಗೆ ಈ ಒಂದು ಚುಕ್ಕಿ ಹೂತು ಹೋಗಿರ್ತದೆ, ಅದೇ ಜಾಗದ ಹಳೇ ಫೋಟೋ ಇಟ್ಕೊಂಡು ಹೊಸ ಫೋಟೋದಿಂದ ಕಳೀಬೇಕು, ಆ ಫೋಟೋ ತೆಗೆದ ರಾತ್ರಿ ಗಾಳಿ ಅಲುಗಾಡಿ ನಕ್ಷತ್ರಗಳು ಸ್ವಲ್ಪ ಹರಡಿದ್ರೆ ಅದನ್ನೂ ಸರಿ ಮಾಡ್ಕೊಂಡೇ ಕಳೀಬೇಕು, ಕಳೆದ ಮೇಲೆ ಉಳಿದ ಚುಕ್ಕಿ ಸೂಪರ್‌ನೋವಾ ಹೌದಾ ಅಂತ ತಿಳಿಲಿಕ್ಕೆ ಬೆಳಕನ್ನು ಬಣ್ಣ ಬಣ್ಣವಾಗಿ ಒಡೆದು ನೋಡ್ಬೇಕು, ಒಂದೊಂದು ಧಾತುವಿಗೂ ಅಲ್ಲಿ ಅದರದ್ದೇ ಗೆರೆಗಳು. ಇಂಥ ಮಿಂಚಿನ ಹಿಂದೆ ಬರುವ ಸೂಪರ್‌ನೋವಾದ ಬೆಳಕಲ್ಲಿ ಹೈಡ್ರೋಜನ್ ಗೆರೆ ಸಾಮಾನ್ಯವಾಗಿ ಇರುದಿಲ್ಲ, ಉಳಿದ ಗೆರೆಗಳು ಅಗಲಕ್ಕೆ ಹರಡಿರ್ತವೆ, ಯಾಕಂದ್ರೆ ಅನಿಲ ಅಷ್ಟು ಜೋರಿನಲ್ಲಿ ಚೆದುರ್ತಾ ಉಂಟು.

2006ರ ಫೆಬ್ರವರಿ 18ರಂದು ಸ್ವಿಫ್ಟ್ ಉಪಗ್ರಹ ಸುಮಾರು 44 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತಿನ ಮಿಂಚು ಕಂಡಿತು, ಕೆಲವೇ ದಿನದಲ್ಲಿ ಅಲ್ಲಿ ಸೂಪರ್‌ನೋವಾ ಸಿಕ್ತು, ಅದಕ್ಕೆ 2006ಎಜೆ ಅಂತ ಹೆಸರು. 2008ರ ಜನವರಿ 9ರದ್ದು ಇನ್ನೂ ಚಂದ. ಖಗೋಳ ವಿಜ್ಞಾನಿ ಅಲಿಸಿಯಾ ಸೋಡರ್‌ಬರ್ಗ್ ತಂಡದವ್ರು ಎನ್‌ಜಿಸಿ 2770 ಗ್ಯಾಲಕ್ಸಿಯಲ್ಲಿ ಬೇರೆ ಒಂದು ಸೂಪರ್‌ನೋವಾ ನೋಡ್ಲಿಕ್ಕೆ ಅಂತ ಸ್ವಿಫ್ಟನ್ನು ತಿರುಗಿಸಿದ್ರು, ಅದೇ ಹೊತ್ತಿಗೆ ಅದೇ ಗ್ಯಾಲಕ್ಸಿಯ ಇನ್ನೊಂದು ಕಡೆ ಐದು ನಿಮಿಷದಷ್ಟು ಎಕ್ಸ್-ರೇ ಹೊಳೆದು ಹೋಯ್ತು, ಸ್ಫೋಟದ ಆಘಾತ ನಕ್ಷತ್ರದ ಒಳಗಿಂದ ಹೊರಗೆ ನುಗ್ಗಿದ ಕ್ಷಣ ಅದು ಅಂತ ಅವ್ರ ಲೆಕ್ಕ. ಆಮೇಲೆ ಬೇರೆ ಬೇರೆ ಟೆಲಿಸ್ಕೋಪು ಹಿಂದೆ ಬಿದ್ದು ನೋಡಿದ ಕಾರಣ ಅದು ಸೂಪರ್‌ನೋವಾ 2008ಡಿ ಅಂತ ಆಯ್ತು. ಹಿಂದೆ ಬೀಳದೇ ಇದ್ದಿದ್ರೆ? ಬರೀ ಐದು ನಿಮಿಷದ ಒಂದು ಗೀಟು ಅಷ್ಟೇ ಉಳೀತಿತ್ತು.

ಸಿಗದೇ ಇದ್ದದ್ದೂ ಉಂಟು. 2004ರ ಜುಲೈ 1ರ ಮಿಂಚು ಬಂದ ಕಡೆ ಹಬಲ್ ಟೆಲಿಸ್ಕೋಪಲ್ಲಿ ಹುಡುಕಿದ್ರು, ಸೂಪರ್‌ನೋವಾ ಕಾಣ್ಲಿಲ್ಲ. ಅಲ್ಲಿ ಇದ್ದಿದ್ರೂ ತುಂಬ ಮಂಕಾಗಿರ್ಬೇಕು, ಅಥವಾ ಧೂಳು ಅಡ್ಡ ಇರ್ಬೇಕು. ನನ್ನ ಮಟ್ಟಿಗೆ ಇದು ಸಿಕ್ಕಿದ ಸುದ್ದಿಯಷ್ಟೇ ದೊಡ್ಡ ಸುದ್ದಿ, ಎಲ್ಲಾ ಮಿಂಚಿಗೂ ಒಂದೇ ಕಾರಣ ಅಂತ ಅಂದ್ಕೊಳ್ಲಿಕ್ಕೆ ಆಗುದಿಲ್ಲ ಅಂತ ಮಕ್ಕಳಿಗೆ ಹೇಳ್ಲಿಕ್ಕೆ ಇದೇ ಬೇಕು.

ಇನ್ನು ಮೇಲೆ ಇಂಥ ಸುದ್ದಿ ಜಾಸ್ತಿಯೇ ಬರ್ತದೆ. 2024ರ ಜನವರಿ 9ರಂದು ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಒಂದೇ ನೋಟಕ್ಕೆ ಆಕಾಶದ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ನೋಡ್ತದೆ. ಅದರ ಕಣ್ಣು ಲಾಬ್‌ಸ್ಟರಿನ ಕಣ್ಣಿನ ಮಾದರಿ, ಚೌಕ ಚೌಕದ ಸಣ್ಣ ಕೊಳವೆಗಳ ಗೋಡೆಗೆ ಬೆಳಕು ತಾಗಿ ಒಂದು ಕಡೆ ಸೇರ್ತದೆ. ಮಲ್ಪೆ ಬಂದರಲ್ಲಿ ಸಿಗಡಿ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿದ್ರೆ ಕಣ್ಣರಳಿಸಿ ಕೇಳ್ತಾರೆ, ಸಿಗಡಿಗೂ ಅದೇ ಥರ ಚೌಕದ ಕಣ್ಣು. ಅದೇ ಪ್ರೋಬ್ 2025ರ ಜನವರಿ 8ರಂದು ಕಂಡ ಮಿಂಚಿನ ಹಿಂದೆ ಸೂಪರ್‌ನೋವಾ 2025ಕೆಜಿ ಸಿಕ್ತು, ನಕ್ಷತ್ರದ ಒಳಗೆ ಹುಟ್ಟಿದ ಜೆಟ್, ಅಂದ್ರೆ ಭಾರೀ ವೇಗದಲ್ಲಿ ಚಿಮ್ಮುವ ಧಾರೆ, ಹೊರಗೆ ಬರ್ಲಿಕ್ಕಾಗದೆ ಒಳಗೇ ಸಿಕ್ಕಿಬಿತ್ತು ಅಂತ ವಿಜ್ಞಾನಿಗಳ ಅಭಿಪ್ರಾಯ.

ನಮ್ಮೂರಿಗೆ ಇದೆಲ್ಲ ಸಂಬಂಧ ಇಲ್ಲ ಅಂತ ಡೆಸ್ಕಿನವ್ರು ಅಂದ್ಕೊಳ್ಬಾರ್ದು. ಯು.ಆರ್. ರಾವ್ ಅವ್ರು ಹುಟ್ಟಿದ್ದು ಇಲ್ಲೇ ಅದಮಾರಿನಲ್ಲಿ. ಅವ್ರ ಮುಂದಾಳತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದ ಒಳಗೆ ಇದ್ದ ಪ್ರಯೋಗಗಳಲ್ಲಿ ಒಂದು ಎಕ್ಸ್-ರೇ ಖಗೋಳದ್ದೇ, ಪವರ್ ಕೈಕೊಟ್ಟು ಕೆಲವೇ ದಿನದಲ್ಲಿ ನಿಲ್ಲಿಸ್ಬೇಕಾಯ್ತು ಅನ್ನುದು ನಂಗೆ ಈಗ್ಲೂ ಬೇಸರ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಇರುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪು ಸೂಪರ್‌ನೋವಾಗಳನ್ನು ನೋಡ್ತಾ ಬಂದದ್ದು, ಅದನ್ನು ನಡೆಸುದು ಬೆಂಗಳೂರು ಹತ್ರದ ಹೊಸಕೋಟೆಯಲ್ಲಿ ಕೂತು. ನಿಮ್ಮ ಬೆಂಗಳೂರು ವರದಿಗಾರರು ಒಂದು ಫೋನ್ ಮಾಡಿದ್ರೆ ಎಂತ ಕಂಡಿತು ಅಂತ ಹೇಳುವವ್ರು ಅಲ್ಲೇ ಇದ್ದಾರೆ.

ಹಾಗಾಗಿ ನನ್ನ ವಿನಂತಿ ಇಷ್ಟೇ. ಮಿಂಚಿನ ಸುದ್ದಿ ಹಾಕಿದ ದಿನವೇ ಕ್ಯಾಲೆಂಡರಲ್ಲಿ ಗುರುತು ಮಾಡಿ ಇಟ್ಕೊಳ್ಳಿ, ಮೂರು ವಾರ ಕಳೆದು ನಾಲ್ಕು ಸಾಲು ಹಾಕಿ, ಸಿಕ್ಕಿದ್ರೆ ಸಿಕ್ತು ಅಂತ, ಇಲ್ಲಾಂದ್ರೆ ಹುಡುಕಿದ್ರೂ ಸಿಗ್ಲಿಲ್ಲ ಅಂತ. ಫೋಟೋಕ್ಕೆ ಕಲಾವಿದರು ಬಿಡಿಸಿದ ಬಣ್ಣದ ಸ್ಫೋಟ ಬೇಡ, ಟೆಲಿಸ್ಕೋಪು ತೆಗೆದ ಮೊದಲಿನದ್ದು ಮತ್ತೆ ಆಮೇಲಿನದ್ದು ಎರಡನ್ನೂ ಪಕ್ಕ ಪಕ್ಕ ಹಾಕಿ, ಚುಕ್ಕಿಗೆ ಒಂದು ಬಾಣದ ಗುರುತು ಇದ್ರೆ ಸಾಕು, ಕಪ್ಪು-ಬಿಳುಪಾದ್ರೂ ತೊಂದರೆ ಇಲ್ಲ.

– ಒಬ್ಬ ವಿಜ್ಞಾನ ಶಿಕ್ಷಕಿ, ಕಾಪು, ಉಡುಪಿ ಜಿಲ್ಲೆ