ಕಬಿನಿಯೋ ಮುತ್ತೋಡಿಯೋ ಅಂತ ಕೇಳಿದ ಗೆಳೆಯನಿಗೆ

ಮಾರಾಯ,

ಸಫಾರಿಗೆ ಕಬಿನಿಯ ದೊಡ್ಡ ರೆಸಾರ್ಟೋ, ನಮ್ಮ ಚಿಕ್ಕಮಗಳೂರು ಕಡೆಯ ಮುತ್ತೋಡಿಯ ಅರಣ್ಯ ಇಲಾಖೆ ಕಾಟೇಜೋ ಅಂತ ಕೇಳಿ ನೀನು ಕಳಿಸಿದ ದರಪಟ್ಟಿ ನೋಡಿದೆ. ಫೋನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಬ್ಯಾಚಿನ ಇನ್ನೂ ಕೆಲವರು ಇದನ್ನೇ ಕೇಳ್ತಿದ್ದಾರೆ, ಎಲ್ಲರೂ ಓದಲಿ ಅಂತ ಇಲ್ಲೇ ಬರೀತಿದ್ದೀನಿ. ತರೀಕೆರೆ ಬಸ್‌ಸ್ಟ್ಯಾಂಡಿನ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ದುಡ್ಡಿನ ಮಾತು. ಕಬಿನಿಯಲ್ಲಿ ನೀನು ಎಷ್ಟೇ ದುಬಾರಿ ಕೋಣೆ ಹಿಡಿ, ಖಾಸಗಿ ರೆಸಾರ್ಟಿನವರು ತಮ್ಮ ಗಾಡೀನ ಕಾಡೊಳಗೆ ಬಿಡೋ ಹಾಗಿಲ್ಲ. ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನವರ ಗಾಡಿಯಲ್ಲೇ ಹೋಗಬೇಕು. ಅದೇ ಗೇಟು, ಅದೇ ಹೊತ್ತು. ಸಫಾರಿ ಕಾಡಿನ ಎ ವಲಯ ಸಿಗುತ್ತೋ ಬಿ ವಲಯ ಸಿಗುತ್ತೋ ಅದೂ ನಿನ್ನ ಕೈಲಿಲ್ಲ. ಹೆಚ್ಚಿನ ದುಡ್ಡು ಹೋಗೋದು ಹಾಸಿಗೆಗೆ, ಊಟಕ್ಕೆ, ಹಿನ್ನೀರು ಕಾಣೋ ಕಿಟಕಿಗೆ. ಅದನ್ನ ನಾನು ಹಗುರ ಮಾಡ್ತಿಲ್ಲ. ನಿಮ್ಮಮ್ಮನ ಮೊಣಕಾಲಿಗೆ ಒಳ್ಳೆ ಹಾಸಿಗೆ, ಬಿಸಿನೀರು ಬೇಕೇ ಬೇಕು. ಅವರನ್ನೂ ಕರ್ಕೊಂಡು ಹೊರಡೋದಾದರೆ ಕಣ್ಣು ಮುಚ್ಚಿ ಕಬಿನಿಗೆ ಹೋಗು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಅಲ್ಲಿ ಸೇರುವಷ್ಟು ಆನೆಗಳನ್ನ ಬೇರೆ ಕಡೆ ನೋಡೋದು ಕಷ್ಟ.

ದುಡ್ಡು ಹೆಚ್ಚು ಕೊಟ್ಟಷ್ಟೂ ಸಫಾರಿ ಚೆನ್ನ ಅಂತ ನಿನ್ನ ಆಫೀಸಿನವರು ಮಸಾಯಿ ಮಾರಾ ಲೆಕ್ಕ ಹೇಳ್ತಾರೆ ಅಂದೆಯಲ್ಲ, ಆ ಲೆಕ್ಕ ಇಲ್ಲಿಗೆ ಹೊಂದಲ್ಲ. ಕೀನ್ಯಾದಲ್ಲಿ ದುಡ್ಡು ಹೆಚ್ಚು ಕೊಟ್ಟರೆ ಸಫಾರಿಯೇ ಬೇರೆ. ಸರ್ಕಾರಿ ಮೀಸಲು ಪ್ರದೇಶದ ಪಕ್ಕದಲ್ಲಿ ಕನ್ಸರ್ವೆನ್ಸಿ ಅಂತ ಇವೆ. ಅಲ್ಲಿ ದಾರಿ ಬಿಟ್ಟು ಹುಲ್ಲುಗಾವಲಿಗೆ ಗಾಡಿ ಇಳಿಸಬಹುದು, ರಾತ್ರಿ ಸಫಾರಿ ಉಂಟು, ಒಂದು ಸಿಂಹದ ಸುತ್ತ ಇಂತಿಷ್ಟೇ ಗಾಡಿ ಅಂತ ಕಟ್ಟುನಿಟ್ಟು. ಆ ನೆಲ ಮಸಾಯಿ ಕುಟುಂಬಗಳದು. ಪ್ರವಾಸಿಗರು ಕೊಟ್ಟ ದುಡ್ಡಲ್ಲಿ ಅವರಿಗೆ ಗುತ್ತಿಗೆ ಹಣ ಸಿಗುತ್ತೆ. ಪ್ರಾಣಿ ಜೊತೆ ಬದುಕುವವರ ಕೈಗೆ ಸ್ವಲ್ಪವಾದರೂ ಸೇರುತ್ತೆ ಅನ್ನೋದು ನನಗೆ ಹಿಡಿಸಿದ ಮಾತು.

ಮುತ್ತೋಡಿ ಭದ್ರಾ ಕಾಡಿನೊಳಗಿನ ಸಾದಾ ಜಾಗ. ಸೋಮವಾಹಿನಿ ಹಳ್ಳದ ದಡ, ಇಲಾಖೆಯ ಕಾಟೇಜು, ಅನ್ನ ಸಾರು. ಹುಲಿ ಕಾಣುತ್ತೆ ಅಂತ ಮಕ್ಕಳಿಗೆ ಮಾತು ಕೊಡಬೇಡ, ಕಾಡು ಅಷ್ಟು ದಟ್ಟ. ಕಾಟಿ, ಕಡವೆ, ತಲೆ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರೋ ಕೆಂದಳಿಲು ಕಂಡಾವು. ಅದೇ ಭದ್ರಾ ಕಾಡಿನ ಇನ್ನೊಂದು ತುದಿ ಲಕ್ಕವಳ್ಳಿಯಲ್ಲಿ ದೋಣಿ ಸಫಾರಿ ಇದೆ. ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡೋದನ್ನ ನಿನ್ನ ಮಗಳಿಗೆ ಮುಂದೆ ಒಂದು ಸಲ ತೋರಿಸಲೇಬೇಕು.

ಆದರೆ ಈ ಕಾಡಿಗೆ ಬರುವಾಗ ಒಂದು ವಿಷಯ ಗೊತ್ತಿರಲಿ. ಭದ್ರಾ ಹುಲಿ ಯೋಜನೆಗೆ ಸೇರಿದ್ದು 1998ರಲ್ಲಿ. ಆಮೇಲೆ 2001-02ರ ಹೊತ್ತಿಗೆ ಕಾಡೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಎದ್ದು ಎಂ.ಸಿ. ಹಳ್ಳಿಗೆ, ಕೆಳಗೂರಿಗೆ ಹೋದವು. ಒಳ್ಳೆ ಪುನರ್ವಸತಿ ಅಂತ ದೇಶವೇ ಕೊಂಡಾಡಿದ್ದು ಇದನ್ನ. ಜಮೀನು, ಶಾಲೆ, ರಸ್ತೆ ಸಿಕ್ಕಿದ್ದು ನಿಜ. ಗದ್ದೆ ಇದ್ದ ಜಾಗದಲ್ಲಿ ಈಗ ಜಿಂಕೆ ಮೇಯೋದನ್ನ ನೋಡೋಕೆ ನಾವು ಟಿಕೆಟ್ ತಗೊಂಡು ಹೋಗೋದೂ ನಿಜ.

ಇಷ್ಟಕ್ಕೇ ನಿಲ್ಲಿಸೋಣ ಅಂದುಕೊಂಡಿದ್ದೆ, ಕೈ ಕೇಳ್ತಿಲ್ಲ. ಹೋದ ಬೇಸಿಗೆ ಭಾವ ಕರೆದರು ಅಂತ ಕಬಿನಿಗೆ ಹೋಗಿದ್ದೆನಲ್ಲ, ಸಂಜೆ ಸಫಾರಿಯಲ್ಲಿ ಹಿನ್ನೀರಿನ ದಡದ ಮೇಲೆ ಒಂದು ಆನೆ ಹಿಂಡು. ಮರಿಗಳು ಕೆಸರಲ್ಲಿ ಉರುಳಾಡ್ತಿದ್ದವು. ನನಗೆ ಅಳು ಬಂತು. ಜೀಪಲ್ಲಿದ್ದವರು ಖುಷಿಗೆ ಅಂದುಕೊಂಡರು. ಆನೆಯನ್ನ ಭಯ ಇಲ್ಲದೆ ನೋಡಿದ್ದು ನನ್ನ ಬದುಕಲ್ಲಿ ಅದೇ ಮೊದಲು ಕಣೋ. ಇಲ್ಲಿ ಆಲ್ದೂರು ಕಡೆ ನಮಗೆ ಬೆಳಗಾಗೋದೇ ವಾಟ್ಸಾಪಿನಲ್ಲಿ ಆನೆ ಯಾರ ತೋಟದಲ್ಲಿದೆ ಅಂತ ನೋಡೋದರಿಂದ. ಅದನ್ನ ನೋಡಿಯೇ ಕೆಲಸದವರು ಬರಬೇಕೋ ಬೇಡವೋ ಅಂತ ಹೇಳಬೇಕು. ಸಂಜೆ ನಾನು ಪೇಟೆಯಿಂದ ಬರೋದು ತಡವಾದರೆ ಅಮ್ಮ ಟಾರ್ಚ್ ಹಿಡಿದು ಜಗಲಿಯಲ್ಲೇ ನಿಂತಿರ್ತಾಳೆ. ಆವತ್ತು ಜೀಪಲ್ಲಿ ಕೂತು ನಾನು ಕೊಂಡದ್ದು ಆ ಟಾರ್ಚ್ ಬೇಡದ ಎರಡು ಗಂಟೆ. ಅದು ಎಷ್ಟು ಹಿತ ಅನ್ನಿಸಿತು ಅಂದರೆ, ತೋಟ ಬಿಟ್ಟು ಪೇಟೆಯಲ್ಲಿ ಮನೆ ಮಾಡಿಬಿಡೋಣ ಅಂತ ಅಂದಿನಿಂದ ಯೋಚಿಸ್ತಿದ್ದೀನಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಆನೆ ತುಳಿದ ಕಾಫಿ ಗಿಡಗಳನ್ನ ಮತ್ತೆ ಮತ್ತೆ ನೆಡ್ತಾನೇ ಇದ್ದಾರೆ.

2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಸರ್ಕಾರ ಬಂಡೀಪುರ, ನಾಗರಹೊಳೆ (ಕಬಿನಿ ಸಫಾರಿ ಈ ಕಾಡಿನದೇ) ಎರಡೂ ಕಡೆ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನ ಹುಲಿ ಹಿಡಿಯೋ ಕೆಲಸಕ್ಕೆ ಹಾಕಿತು. ಬುಕಿಂಗ್ ಹಾಳಾಯ್ತು ಅಂತ ನೀನು ಬೇಜಾರು ಮಾಡಿಕೊಂಡಿದ್ದೆ. ನಾನು ಆಗ ಏನೂ ಹೇಳಲಿಲ್ಲ. ಈಗ ಹೇಳ್ತೀನಿ: ಆ ಕಾಡಿನ ಅಂಚಿನ ಸರಗೂರಿನ ಹೊಲಗಳಲ್ಲಿ ಸತ್ತವರ ಸುದ್ದಿ ಓದಿದಾಗ ನನಗೆ ಕಂಡದ್ದು ನಮ್ಮ ಜಗಲಿ.

ಸಾಕು, ಇದನ್ನ ಅತ್ತೆ ಓದಿದರೆ ನಾಳೆ ಅಪ್ಪನಿಗೆ ಫೋನ್ ಹೋಗುತ್ತೆ!

ನನ್ನ ಮಾತು ಕೇಳೋದಾದರೆ ಈ ಸಲ ಮುತ್ತೋಡಿಗೆ ಬಾ. ಉಳಿದ ದುಡ್ಡಲ್ಲಿ ಮಕ್ಕಳಿಗೊಂದು ಒಳ್ಳೆ ದುರ್ಬೀನು ತಗೋ, ಅದು ವರ್ಷಗಟ್ಟಲೆ ಬರುತ್ತೆ. ಮಳೆಗಾಲದಲ್ಲಿ ಬೇಡ, ಇಂಬಳ ನಿನ್ನನ್ನ ಬಿಡಲ್ಲ. ಡಿಸೆಂಬರ್ ಚೆನ್ನ. ವಾರಾಂತ್ಯ ಬಿಟ್ಟು ನಡುವಾರ ಬಂದರೆ ಗಾಡಿಯಲ್ಲಿ ಗಲಾಟೆ ಕಮ್ಮಿ. ಸಫಾರಿ ಮುಗಿಸಿ ನಮ್ಮನೆಗೆ ಊಟಕ್ಕೆ ಬರಬೇಕು, ಅಮ್ಮ ಕಡುಬು ಮಾಡ್ತೀನಿ ಅಂದಿದ್ದಾಳೆ. ಆದರೆ ಸಂಜೆ ಐದರೊಳಗೆ ತಲುಪು, ಅದರಾಚೆ ನಮ್ಮ ತೋಟದ ದಾರಿಯಲ್ಲಿ ಕಾರು ಬೇಡ. ಹಳದಿ ಜಾಕೆಟ್ ಮಾತ್ರ ಬೆಂಗಳೂರಲ್ಲೇ ಬಿಟ್ಟು ಬಾ. ಯಾಕೆ ಅಂತ ನಿನಗೆ ಗೊತ್ತು.